ತಗಡಿನಷ್ಟು ತೆಳು ಹಡಗು, ಮಗನನ್ನು ಕಳಿಸಬಹುದೇ?

ಪ್ರಶ್ನೆ: ನಾವು ಮಲ್ಪೆಯವರು. ಒಂದು ಟ್ರಾಲ್ ಬೋಟು ಇದೆ. ಮಗ ಈ ವರ್ಷ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ. ಈಗ ನೇವಿಗೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಾನೆ. ಅವನ ಸೋದರಮಾವ ಹೇಳುವುದು ಬೇರೆ. "ಹಿಂದಿನ ಯುದ್ಧನೌಕೆಗೆ ಒಂದೂವರೆ ಅಡಿ ದಪ್ಪದ ಉಕ್ಕು ಇತ್ತು. ಈಗಿನದ್ದು ಬರೀ ತಗಡು. ಮೇಲಿನ ಭಾಗ ಅಲ್ಯೂಮಿನಿಯಂ, ಕರ್ಪೂರದ ಹಾಗೆ ಉರಿಯುತ್ತದೆ. ಒಂದು ಮಿಸೈಲ್ ಬಿದ್ದರೆ ಮುಗಿಯಿತು. ಹೋಗಲೇಬೇಕಾದರೆ ವಿಕ್ರಾಂತದಂಥ ದೊಡ್ಡ ಹಡಗಿಗೆ ಹೋಗಲಿ, ಅದು ಮುಳುಗುವುದಿಲ್ಲ" ಅನ್ನುತ್ತಾರೆ. ರಷ್ಯಾದ ಮಾಸ್ಕ್ವಾ ಎಂಬ ಯುದ್ಧನೌಕೆ ಮುಳುಗಿದ ವಿಡಿಯೊ ತೋರಿಸಿದ ಮೇಲಂತೂ ಮಗನ ಅಮ್ಮನಿಗೆ ನಿದ್ದೆ ಇಲ್ಲ. ಇಲ್ಲಿಂದ ಮೀನಿಗೆ ಹೋದ ಸುವರ್ಣ ತ್ರಿಭುಜ ಬೋಟು ಜನರ ಸಮೇತ ಕಡಲಿನಲ್ಲಿ ಕಾಣೆಯಾದದ್ದನ್ನು ಕಂಡವಳು ಅವಳು. ಇದರಲ್ಲಿ ನಿಜ ಎಷ್ಟು? ನೇವಿ, ಸಬ್‌ಮೆರಿನ್, ಕೋಸ್ಟ್ ಗಾರ್ಡ್, ಇಲ್ಲವೇ ಇಲ್ಲೇ ಶಿಪ್‌ಯಾರ್ಡಿನಲ್ಲಿ ಕೆಲಸ, ಯಾವುದರಲ್ಲಿ ಅಪಾಯ ಕಡಿಮೆ?

ಉತ್ತರ: ನಮ್ಮ ಕಡೆ ಸೋದರಮಾವನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹಾಗಾಗಿ ಅವರ ಮಾತಿನಿಂದಲೇ ಶುರು ಮಾಡುತ್ತೇನೆ. ನಾನು ನೌಕಾಪಡೆಯಲ್ಲಿ ಎಂಜಿನ್ ರೂಮಿನ ಕೆಲಸ ಮಾಡಿದವನು. ಕೊನೆಯ ಕೆಲವು ವರ್ಷ ಬೆಂಕಿ ಆರಿಸುವುದು, ನೀರು ತಡೆಯುವುದು ಹೇಗೆಂದು ಹೊಸ ಹುಡುಗರಿಗೆ ಕಲಿಸುತ್ತಿದ್ದೆ. ಈಗ ಸುರತ್ಕಲ್‌ನಲ್ಲಿ ಮನೆ. ನಿಮ್ಮ ಪ್ರಶ್ನೆ ಮಿಸೈಲಿನದ್ದು ಅಂತ ಕಾಣುತ್ತದೆ. ಆದರೆ ಇದು ಬಾಗಿಲಿನ ಪ್ರಶ್ನೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ದಪ್ಪ ಉಕ್ಕು. ಮಾವ ಹೇಳಿದ್ದು ಸುಳ್ಳಲ್ಲ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಯಮಾಟೊ ಎಂಬ ಬ್ಯಾಟಲ್‌ಶಿಪ್ ಇತ್ತು. ಅದರ ಪಕ್ಕದ ಕವಚ 41 ಸೆಂಟಿಮೀಟರ್ ದಪ್ಪ. ಮಾವ ಹೇಳುವ ಒಂದೂವರೆ ಅಡಿಗೆ ಎರಡೇ ಇಂಚು ಕಮ್ಮಿ. ತುಂಬಿದಾಗ ತೂಕ 70,000 ಟನ್ ದಾಟುತ್ತಿತ್ತು. ಅಂಥ ಹಡಗು 1945ರ ಏಪ್ರಿಲ್ 7ರಂದು ಅಮೆರಿಕದ ವಿಮಾನಗಳ ಕೈಗೆ ಸಿಕ್ಕಿ ಸುಮಾರು ಎರಡು ಗಂಟೆಯಲ್ಲಿ ಮುಳುಗಿತು. ಸುಮಾರು 3,000 ಜನ ಸತ್ತರು. ಆ ಕವಚವನ್ನು ಮಾಡಿದ್ದು ದೂರದಿಂದ ಬರುವ ಫಿರಂಗಿ ಗುಂಡಿಗೆ. ಟಾರ್ಪಿಡೊ ಬಂದು ಹೊಡೆಯುವುದು ನೀರಿನ ಕೆಳಗೆ. ಬಾಂಬು ಬೀಳುವುದು ಮೇಲಿನಿಂದ. ಮನೆಯ ಎದುರು ಬಾಗಿಲಿಗೆ ದೊಡ್ಡ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಬ್ರಿಟಿಷರ ಹುಡ್ ಇನ್ನೊಂದು. ಜಗತ್ತಿಗೆಲ್ಲ ತೋರಿಸಿಕೊಂಡು ಬಂದ ಹಡಗು ಅದು. 1941ರ ಮೇ 24ರಂದು ಜರ್ಮನಿಯ ಬಿಸ್ಮಾರ್ಕ್ ಹೊಡೆದ ಗುಂಡಿಗೆ ಅದರ ಮದ್ದುಗುಂಡಿನ ಕೋಣೆ ಸಿಡಿಯಿತು. ಹಡಗಿನಲ್ಲಿದ್ದವರು 1,418 ಜನ. ಬದುಕಿದ್ದು ಮೂರೇ ಮೂರು. ಅದೇ ವರ್ಷ ಡಿಸೆಂಬರ್ 10ರಂದು ಮಲಯದ ಕಡಲಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್, ರಿಪಲ್ಸ್ ಎಂಬ ಎರಡು ದೊಡ್ಡ ಹಡಗುಗಳನ್ನು ಜಪಾನಿನ ವಿಮಾನಗಳು ಮುಳುಗಿಸಿದವು. ದಪ್ಪ ಉಕ್ಕಿನ ಕಾಲ ಅಲ್ಲಿಗೆ ಮುಗಿಯಿತು ಅಂತಲೇ ಹೇಳಬಹುದು. ಈಗಿನ ಹಡಗಿನ ಪಕ್ಕದ ಉಕ್ಕು ಹೆಚ್ಚಿನ ಕಡೆ ಬೆರಳಿನಷ್ಟು ದಪ್ಪವೂ ಇಲ್ಲ. ಅದು ಜಿಪುಣತನ ಅಲ್ಲ. ಆ ತೂಕವನ್ನೆಲ್ಲ ರೇಡಾರಿಗೆ, ಎದುರು ಮಿಸೈಲಿಗೆ, ಇಂಧನಕ್ಕೆ ಕೊಟ್ಟಿದ್ದಾರೆ. ಪೆಟ್ಟು ತಿಂದು ನಿಲ್ಲುವುದಕ್ಕಿಂತ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳುವುದು ಈಗಿನ ಲೆಕ್ಕ.

ಆ ಲೆಕ್ಕ ಕೆಲಸ ಮಾಡುತ್ತದಾ? ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಎಂಬ ಮಿಸೈಲ್ ಬೋಟನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ನೀವು ನೋಡಿರಬಹುದು. 40 ಮೀಟರ್‌ಗಿಂತಲೂ ಕಮ್ಮಿ ಉದ್ದ. ನಿಮ್ಮ ಬಂದರಿನ ಎರಡು ದೊಡ್ಡ ಆಳಸಮುದ್ರ ಬೋಟುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದಷ್ಟೂ ಇಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ನಿಪಾತ್, ನಿರ್ಘಾತ್, ವೀರ್ ಇಂಥದೇ ಸಣ್ಣ ಮಿಸೈಲ್ ಬೋಟುಗಳು. ಪಾಕಿಸ್ತಾನದ ಖೈಬರ್ ಎಂಬ ಡಿಸ್ಟ್ರಾಯರ್ ಅವತ್ತು ಮುಳುಗಿತು. ಅದಕ್ಕೂ ನಾಲ್ಕು ವರ್ಷ ಮೊದಲು, 1967ರ ಅಕ್ಟೋಬರಿನಲ್ಲಿ, ಈಜಿಪ್ಟಿನ ಸಣ್ಣ ಬೋಟುಗಳು ಕರಾಚಿಗೆ ಹೊಡೆದ ಸ್ಟಿಕ್ಸ್ ಎಂಬ ಜಾತಿಯ ಮಿಸೈಲನ್ನೇ ಬಿಟ್ಟು ಇಸ್ರೇಲಿನ ಐಲಾತ್ ಎಂಬ ಡಿಸ್ಟ್ರಾಯರನ್ನು ಮುಳುಗಿಸಿದ್ದವು. 47 ಜನ ಸತ್ತರು. ಆಗ ಜಗತ್ತೆಲ್ಲ ನಿಮ್ಮ ಭಾವನ ಮಾತನ್ನೇ ಹೇಳಿತು: ಇನ್ನು ಹಡಗಿನ ಕತೆ ಮುಗಿಯಿತು.

ಮುಗಿಯಲಿಲ್ಲ. ಆರೇ ವರ್ಷದಲ್ಲಿ, 1973ರ ಯುದ್ಧದಲ್ಲಿ, ಇಸ್ರೇಲಿನ ಸಣ್ಣ ಬೋಟುಗಳ ಮೇಲೆ ಅದೇ ಸ್ಟಿಕ್ಸ್ ಮಿಸೈಲುಗಳನ್ನು ಐವತ್ತಕ್ಕೂ ಹೆಚ್ಚು ಬಿಟ್ಟರು. ಒಂದೂ ತಾಗಲಿಲ್ಲ. ರೇಡಾರನ್ನು ಗೊಂದಲ ಮಾಡುವ ಉಪಕರಣ, ಗಾಳಿಯಲ್ಲಿ ಚೆಲ್ಲುವ ಲೋಹದ ಚೂರುಗಳು, ಇಷ್ಟರಲ್ಲೇ ಮಿಸೈಲುಗಳು ದಾರಿ ತಪ್ಪಿದವು. ಅಂದರೆ ಮಿಸೈಲ್ ಬಂತು ಅಂದರೆ ಮುಗಿಯಿತು ಅಂತಲ್ಲ. ಹಾಗಂತ ತಾಗುವುದೇ ಇಲ್ಲ ಅಂತಲೂ ಅಲ್ಲ. ಮಾಸ್ಕ್ವಾ 2022ರ ಏಪ್ರಿಲಿನಲ್ಲಿ ಹೋಯಿತು. ಅದರ ಮೈತುಂಬ ಮಿಸೈಲ್ ತಡೆಯುವ ಸಾಮಾನು ಇತ್ತು. ಎರಡು ಮಿಸೈಲ್ ಹೊಡೆದೆವು ಎಂದು ಯುಕ್ರೇನ್ ಹೇಳಿತು. ಬೆಂಕಿ ಬಿದ್ದು ಮದ್ದುಗುಂಡು ಸಿಡಿಯಿತು ಎಂದು ರಷ್ಯಾ ಹೇಳಿತು. ಏನೇ ಇರಲಿ, ಮುಳುಗಿದ್ದು ಆಮೇಲೆ, ಎಳೆದುಕೊಂಡು ಹೋಗುವಾಗ.

ಈ "ಆಮೇಲೆ" ಎಂಬುದನ್ನು ಸ್ವಲ್ಪ ಹಿಡಿದುಕೊಳ್ಳಿ. ಅಲ್ಯೂಮಿನಿಯಂ ವಿಷಯಕ್ಕೂ ಅದೇ ಬೇಕು.

1982ರ ಫಾಕ್ಲೆಂಡ್ ಯುದ್ಧದಲ್ಲಿ ಬ್ರಿಟನ್ನಿನ ಶೆಫೀಲ್ಡ್ ಎಂಬ ಡಿಸ್ಟ್ರಾಯರಿಗೆ ಒಂದು ಎಕ್ಸೊಸೆ ಮಿಸೈಲ್ ತಾಗಿತು. 20 ಜನ ಸತ್ತರು. ಅಲ್ಯೂಮಿನಿಯಂ ಹೊತ್ತಿ ಉರಿದದ್ದರಿಂದ ಹಡಗು ಹೋಯಿತು ಎಂಬ ಕತೆ ಹುಟ್ಟಿದ್ದು ಆವಾಗ. ನಾನು ಸೇರಿದ ಕಾಲಕ್ಕೂ ಮೆಸ್ಸಿನಲ್ಲಿ ಇದೇ ಮಾತು. ಆದರೆ ಶೆಫೀಲ್ಡಿನ ಮೇಲಿನ ಕಟ್ಟಡ ಉಕ್ಕಿನದ್ದು! ಈಗ ಇನ್ನೊಂದು ನೋಡಿ. 1987ರ ಮೇ 17ರಂದು ಅಮೆರಿಕದ ಸ್ಟಾರ್ಕ್ ಎಂಬ ಫ್ರಿಗೇಟಿಗೆ ಪರ್ಶಿಯನ್ ಕೊಲ್ಲಿಯಲ್ಲಿ ಅದೇ ಎಕ್ಸೊಸೆ ತಾಗಿತು, ಒಂದಲ್ಲ, ಎರಡು. 37 ಜನ ಸತ್ತರು. ಅದರ ಮೇಲಿನ ಕಟ್ಟಡ ಅಲ್ಯೂಮಿನಿಯಂನದ್ದು. ಆ ಹಡಗು ಮುಳುಗಲಿಲ್ಲ. ರಿಪೇರಿಯಾಗಿ ಮತ್ತೆ ಕಡಲಿಗೆ ಇಳಿಯಿತು.

ಅಲ್ಯೂಮಿನಿಯಂ ಕರ್ಪೂರದ ಹಾಗೆ ಹೊತ್ತಿಕೊಳ್ಳುವುದಿಲ್ಲ. ನಿಮ್ಮ ಮನೆಯ ಅಲ್ಯೂಮಿನಿಯಂ ಪಾತ್ರೆ ದಿನಾ ಒಲೆಯ ಮೇಲೇ ಇರುತ್ತದೆ. ಅದರ ದೋಷ ಬೇರೆ. 660 ಡಿಗ್ರಿಗೆ ಅದು ಕರಗುತ್ತದೆ. ಅದಕ್ಕಿಂತ ಬಹಳ ಮೊದಲೇ ಗಟ್ಟಿತನ ಬಿಡುತ್ತದೆ. ಉಕ್ಕು ಕರಗಬೇಕಾದರೆ ಸುಮಾರು 1,500 ಡಿಗ್ರಿ ಬೇಕು. 1975ರಲ್ಲಿ ಅಮೆರಿಕದ ಬೆಲ್‌ನ್ಯಾಪ್ ಎಂಬ ಹಡಗು ತಮ್ಮದೇ ವಿಮಾನವಾಹಕಕ್ಕೆ ಢಿಕ್ಕಿ ಹೊಡೆದು ಬೆಂಕಿ ಬಿದ್ದಾಗ ಮೇಲಿನ ಅಲ್ಯೂಮಿನಿಯಂ ಕಟ್ಟಡ ಕರಗಿ ಕುಸಿದುಬಿತ್ತು. ಮುಂದೆ ಆರ್ಲಿ ಬರ್ಕ್ ಎಂಬ ಡಿಸ್ಟ್ರಾಯರುಗಳನ್ನು ಕಟ್ಟುವಾಗ ಅವರು ಉಕ್ಕಿಗೆ ಮರಳಿದರು. ಹಾಗಾಗಿ ಮಾವ ಅರ್ಧ ಸರಿ. ಪೂರ್ತಿ ಅಲ್ಲ.

ಶೆಫೀಲ್ಡಿನಲ್ಲಿ ಆದದ್ದೇನು? ಮಿಸೈಲ್ ಬಡಿದ ಕೂಡಲೇ ಫೈರ್ ಮೇನ್ ಕೆಟ್ಟಿತು. ಫೈರ್ ಮೇನ್ ಎಂದರೆ ಬೆಂಕಿ ಆರಿಸಲು ಹಡಗಿನ ಉದ್ದಕ್ಕೂ ಸಮುದ್ರದ ನೀರು ಹೋಗುವ ದೊಡ್ಡ ಪೈಪು. ಡೀಸೆಲ್ ಹೊತ್ತಿತ್ತು. ಹೋಸಿನಲ್ಲಿ ನೀರಿಲ್ಲ. ವೈರುಗಳ ಪ್ಲಾಸ್ಟಿಕ್, ಹಾಸಿಗೆಯ ಫೋಮ್ ಎಲ್ಲ ಉರಿದು ಕಪ್ಪು ಹೊಗೆ ಕೆಲವೇ ನಿಮಿಷದಲ್ಲಿ ಒಳಗೆಲ್ಲ ತುಂಬಿತು. ಆ ಯುದ್ಧದ ಇನ್ನೊಂದು ಪಾಠ ಬಟ್ಟೆಯದ್ದು. ಸಿಂಥೆಟಿಕ್ ಬಟ್ಟೆ ಬಿಸಿಗೆ ಕರಗಿ ಚರ್ಮಕ್ಕೆ ಅಂಟಿತು. ನಮ್ಮ ಮೇಷ್ಟ್ರೊಬ್ಬರು ಹುಡುಗರ ಟೆರಿಕಾಟ್ ಶರ್ಟಿನ ತುದಿಗೆ ಬೆಂಕಿಕಡ್ಡಿ ಗೀರಿ ತೋರಿಸುತ್ತಿದ್ದರು. ಒಮ್ಮೆ ನೋಡಿದರೆ ಸಾಕು, ಮತ್ತೆ ಯಾರೂ ಎಂಜಿನ್ ರೂಮಿಗೆ ಅದನ್ನು ಹಾಕಿಕೊಂಡು ಹೋಗುವುದಿಲ್ಲ.

ಸ್ಟಾರ್ಕಿನವರು ರಾತ್ರಿಯಿಡೀ ಬೆಂಕಿಯ ಜತೆ ಹೋರಾಡಿ ಹಡಗನ್ನು ಉಳಿಸಿಕೊಂಡರು. ಮರುವರ್ಷ ಅದೇ ಜಾತಿಯ ಸ್ಯಾಮ್ಯುಯೆಲ್ ರಾಬರ್ಟ್ಸ್ ಎಂಬ ಹಡಗು ಕಡಲಿನಲ್ಲಿ ಇಟ್ಟಿದ್ದ ಮೈನ್ ಎಂಬ ಸ್ಫೋಟಕಕ್ಕೆ ತಾಗಿ ಅದರ ಬೆನ್ನುಮೂಳೆಯೇ ಮುರಿಯಿತು. ಎಂಜಿನ್ ರೂಮಿಗೆ ನೀರು ನುಗ್ಗಿತು. ಬಿರುಕು ಬಿಟ್ಟ ಕಡೆ ಹುಡುಗರು ಉಕ್ಕಿನ ಹಗ್ಗ ಬಿಗಿದು ಹಡಗನ್ನು ಕಟ್ಟಿ ಹಿಡಿದರು, ಒಡೆದ ಬುಟ್ಟಿಗೆ ಬಳ್ಳಿ ಸುತ್ತಿದ ಹಾಗೆ. ಒಬ್ಬನೂ ಸಾಯಲಿಲ್ಲ. ನನ್ನ ಮಟ್ಟಿಗೆ, ಯಮಾಟೊದ ಕವಚಕ್ಕಿಂತ ಈ ಉಕ್ಕಿನ ಹಗ್ಗ ದೊಡ್ಡದು.

ಈಗ ಬಾಗಿಲಿಗೆ ಬರುತ್ತೇನೆ. ಬಿದಿರಿನ ಗಳುವಿಗೆ ಒಂದು ಕಡೆ ತೂತು ಮಾಡಿ ನೀರಿಗೆ ಹಾಕಿ. ಎರಡು ಗಂಟಿನ ನಡುವೆ ಮಾತ್ರ ನೀರು ತುಂಬುತ್ತದೆ. ಗಳು ತೇಲುತ್ತಲೇ ಇರುತ್ತದೆ. ಹಡಗಿನ ಒಳಗೂ ಅಂಥ ಗಂಟುಗಳಿವೆ. ಬಲ್ಕ್‌ಹೆಡ್ ಅನ್ನುತ್ತೇವೆ. ವಿಕ್ರಾಂತದಲ್ಲಿ ಸುಮಾರು 2,300 ಕಂಪಾರ್ಟ್‌ಮೆಂಟುಗಳಿವೆ. ಆದರೆ ಬಿದಿರಿಗೆ ಬಾಗಿಲಿಲ್ಲ, ಹಡಗಿಗೆ ಇದೆ. ಜನ ಓಡಾಡಬೇಕಲ್ಲ! ಪೈಪು ಹೋಗಬೇಕು, ವೈರು ಹೋಗಬೇಕು, ಗಾಳಿ ಹೋಗಬೇಕು. ಗಂಟಿಗೆ ಮಾಡಿದ ಒಂದೊಂದು ತೂತೂ ನೀರಿಗೆ ದಾರಿ.

2018ರ ನವೆಂಬರಿನಲ್ಲಿ ನಾರ್ವೆಯ ಹೆಲ್ಗೆ ಇಂಗ್ಸ್ಟಾಡ್ ಎಂಬ ಹೊಸ ಕಾಲದ ಫ್ರಿಗೇಟು ಒಂದು ಟ್ಯಾಂಕರಿಗೆ ಒರೆಸಿಕೊಂಡು ಹೋಯಿತು. ಪಕ್ಕ ಸೀಳಿತು. ಯುದ್ಧ ಇಲ್ಲ, ಮಿಸೈಲ್ ಇಲ್ಲ. ಅದರ ಪ್ರೊಪೆಲ್ಲರ್ ಶಾಫ್ಟ್ ಒಳಗೆ ಟೊಳ್ಳು. ಆ ಟೊಳ್ಳಿನಿಂದ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯಿತು. ಜನ ಎಲ್ಲ ಬದುಕಿದರು, ಹಡಗು ಮುಳುಗಿತು. ಬಿಟ್ಟುಹೋಗುವಾಗ ಬಾಗಿಲು, ಹ್ಯಾಚುಗಳನ್ನು (ಡೆಕ್ಕಿನಲ್ಲಿರುವ ಮುಚ್ಚಳಗಳನ್ನು) ಮುಚ್ಚಿದ್ದರೆ ಉಳಿಯುತ್ತಿತ್ತು ಎಂದು ತನಿಖೆ ಹೇಳಿತು.

ದೊಡ್ಡ ಹಡಗು ಮುಳುಗುವುದಿಲ್ಲ ಎಂಬ ಮಾತಿಗೂ ಇಲ್ಲೇ ಉತ್ತರ ಇದೆ. ಜಪಾನಿನ ತೈಹೊ ಎಂಬ ವಿಮಾನವಾಹಕ 1944ರ ಜೂನ್ 19ರಂದು ಒಂದೇ ಒಂದು ಟಾರ್ಪಿಡೊ ತಿಂದಿತು. ಏನೂ ಆಗದವರ ಹಾಗೆ ಮುಂದೆ ಹೋಗುತ್ತಿತ್ತು. ಒಳಗೆ ಪೆಟ್ರೋಲ್ ಸೋರಿ ಆವಿ ತುಂಬಿತ್ತು. ಆವಿ ಹೊರಗೆ ಹೋಗಲಿ ಎಂದು ಗಾಳಿಯ ಫ್ಯಾನುಗಳನ್ನೆಲ್ಲ ಹಾಕಿದರು. ಆವಿ ಹೊರಗೆ ಹೋಗುವ ಬದಲು ಇಡೀ ಹಡಗಿಗೆ ಹರಡಿತು. ಕೆಲವು ಗಂಟೆ ಕಳೆದು ಒಂದೇ ಏಟಿಗೆ ಸಿಡಿಯಿತು. ಇದಕ್ಕೆ ತಿರುಗಾಮುರುಗ ಅಮೆರಿಕದ ಫಾರೆಸ್ಟಲ್. 1967ರಲ್ಲಿ ಅದರ ಡೆಕ್ಕಿನ ಮೇಲೆ ಒಂದು ರಾಕೆಟ್ ತಾನಾಗಿ ಹಾರಿ ಬೆಂಕಿ ಬಿತ್ತು. ಬಾಂಬುಗಳು ಸಿಡಿದು 134 ಜನ ಸತ್ತರು. ಬೆಂಕಿ ಆರಿಸಲು ತರಬೇತಿ ಪಡೆದ ತಂಡವೇ ಮೊದಲ ಸ್ಫೋಟಗಳಲ್ಲಿ ಹೋಯಿತು. ಉಳಿದವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಬೆಂಕಿ ಆರಿಸಲು ಹಾಕಿದ ನೊರೆಯ ಮೇಲೆ ನೀರು ಹಾಕಿ ನೊರೆಯನ್ನೇ ತೊಳೆದರು. ಆದರೂ ಹಡಗು ಉಳಿಯಿತು. ಅಡುಗೆಯವನಿರಲಿ, ಗುಮಾಸ್ತನಿರಲಿ, ಹಡಗಿನಲ್ಲಿ ಎಲ್ಲರೂ ಬೆಂಕಿ ಆರಿಸಲು ಕಲಿಯಲೇಬೇಕು ಎಂಬುದು ಗಟ್ಟಿಯಾದದ್ದು ಅದರಿಂದ. ನಿಮ್ಮ ಮಗನಿಗೂ ಅದು ತಪ್ಪುವುದಿಲ್ಲ. ನಮ್ಮ ನೌಕಾಪಡೆ ಇದನ್ನು ಕಲಿಸುವ ಶಾಲೆ ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿದೆ.

ನನ್ನದೇ ಒಂದು ಹೇಳುತ್ತೇನೆ. ಹಡಗಿನ ಹೆಸರು ಬೇಡ. ಮಧ್ಯರಾತ್ರಿ ಲಾಂಡ್ರಿಯ ಡ್ರೈಯರಿನಲ್ಲಿ ನೂಲಿನ ಧೂಳು ಹೊತ್ತಿಕೊಂಡಿತು. ಬೆಂಕಿ ಒಂದು ಬಕೆಟಿನಷ್ಟು. ಹೊಗೆ ಮಾತ್ರ ಎರಡು ಡೆಕ್ಕಿಗೆ. ಕಣ್ಣು ಬಿಟ್ಟರೂ ಕತ್ತಲೆ, ಮುಚ್ಚಿದರೂ ಕತ್ತಲೆ. ಹಡಗಿಗೆ ಹೊಸತಾಗಿ ಬಂದಾಗ ಕಣ್ಣಿಗೆ ಬಟ್ಟೆ ಕಟ್ಟಿ, ಮಲಗುವ ಜಾಗದಿಂದ ಮೇಲಿನ ಡೆಕ್ಕಿಗೆ ಹೋಗಿ ಎಂದು ಓಡಿಸಿದ್ದರು. ನಾವು ನಕ್ಕಿದ್ದೆವು. ಅವತ್ತು ನೆಲಕ್ಕೆ ಹೊಟ್ಟೆ ತಾಗಿಸಿ, ಕೈಯಲ್ಲಿ ಬಾಗಿಲು ಲೆಕ್ಕ ಮಾಡುತ್ತ ಹೊರಗೆ ಬಂದೆ. ನಾಲ್ಕನೇ ಬಾಗಿಲು, ಎಡಕ್ಕೆ ಏಣಿ. ಯಾರೋ ಪುಣ್ಯಾತ್ಮ ಲಾಂಡ್ರಿಯ ಬಾಗಿಲು ಎಳೆದು ಕ್ಲಿಪ್ ಹಾಕಿದ್ದ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬೆಳಗ್ಗೆ ಒಂದು ಹಿಂಡು ಬೂದಿಯಾದ ಟವೆಲು, ಅಷ್ಟೆ.

ಹಾಗಂತ ಎಲ್ಲವೂ ಬಾಗಿಲಿನಿಂದ ಸರಿಯಾಗುತ್ತದೆ ಅಂದರೆ ಮೋಸ ಮಾಡಿದ ಹಾಗೆ. 1971ರ ಡಿಸೆಂಬರ್ 9ರಂದು ದಿಯು ಹತ್ತಿರ ನಮ್ಮ ಐಎನ್‌ಎಸ್ ಖುಕ್ರಿಗೆ ಪಾಕಿಸ್ತಾನದ ಹಂಗೋರ್ ಸಬ್‌ಮೆರಿನ್ ಟಾರ್ಪಿಡೊ ಹೊಡೆಯಿತು. ಸಣ್ಣ ಹಡಗು, ಕೆಲವೇ ನಿಮಿಷದಲ್ಲಿ ಹೋಯಿತು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅಂಥ ಪೆಟ್ಟಿಗೆ ಬಾಗಿಲು ಮುಚ್ಚಲು ಸಮಯವೇ ಇರುವುದಿಲ್ಲ. ಯುದ್ಧ ಬಂದರೆ ಈ ಅಪಾಯ ಇದೆ. ಮಗನ ಅಮ್ಮನಿಗೆ ಇದನ್ನು ಮುಚ್ಚಿಡಬೇಡಿ.

ಇನ್ನು ಯಾವ ಕೆಲಸ ಎಂಬ ಪ್ರಶ್ನೆ. ನೇವಿಯಲ್ಲಿ ಈಗ ನಾವಿಕರಾಗಿ ಸೇರುವುದು ಅಗ್ನಿವೀರ್ ಮೂಲಕ. ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬನನ್ನು. ನನಗೆ ಕೇಳಿದರೆ ಈ ಲೆಕ್ಕ ಮಿಸೈಲಿಗಿಂತ ಹೆಚ್ಚು ಯೋಚಿಸಬೇಕಾದದ್ದು. ದೊಡ್ಡ ಹಡಗು ಬೇಕು, ಸಣ್ಣದು ಬೇಡ ಅಂತ ನೀವು ಆರಿಸುವ ಹಾಗಿಲ್ಲ. ಕಳಿಸಿದ ಕಡೆ ಹೋಗಬೇಕು. ಶಾಂತಿಕಾಲದಲ್ಲಿ ಹೆಚ್ಚಾಗಿ ಆಗುವ ಗಾಯಗಳು ದೊಡ್ಡ ಸುದ್ದಿಯಾಗುವುದಿಲ್ಲ: ಏಣಿಯಿಂದ ಜಾರುವುದು, ಹ್ಯಾಚಿಗೆ ಬೆರಳು ಸಿಕ್ಕಿಕೊಳ್ಳುವುದು, ಬಿಗಿದ ಹಗ್ಗ ತುಂಡಾಗಿ ಕಾಲಿಗೆ ಬಡಿಯುವುದು. ಕೊನೆಯದ್ದು ನಿಮಗೇ ಚೆನ್ನಾಗಿ ಗೊತ್ತು.

ಸಬ್‌ಮೆರಿನ್ನಿಗೆ ಇಷ್ಟ ಇದ್ದವರೇ ಹೋಗುತ್ತಾರೆ. ದೇಹ, ಮನಸ್ಸು ಎರಡರ ಪರೀಕ್ಷೆಯೂ ಕಟ್ಟುನಿಟ್ಟು. ಅಲ್ಲಿ ಅಪಘಾತ ಕಮ್ಮಿ. ಆದರೆ ಆದಾಗ ಎಲ್ಲರಿಗೂ ಒಟ್ಟಿಗೇ ಆಗುತ್ತದೆ. 2000ದಲ್ಲಿ ರಷ್ಯಾದ ಕರ್ಸ್ಕ್, 118 ಜನ. 2017ರಲ್ಲಿ ಅರ್ಜೆಂಟೀನಾದ ಸಾನ್ ಹುವಾನ್, 44. 2021ರಲ್ಲಿ ಇಂಡೋನೇಷ್ಯಾದ ನಂಗಾಲ, 53. ನಮ್ಮಲ್ಲೂ 2013ರಲ್ಲಿ ಮುಂಬಯಿಯ ಡಾಕ್‌ಯಾರ್ಡಿನಲ್ಲಿ ನಿಂತಿದ್ದಾಗಲೇ ಸಿಂಧುರಕ್ಷಕ ಸಿಡಿದು 18 ಜನ ಹೋದರು. ಮುಳುಗಿದ ಸಬ್‌ಮೆರಿನ್ನಿನಿಂದ ಜನರನ್ನು ಎತ್ತುವ ವಾಹನ 2018ರಿಂದ ನಮ್ಮಲ್ಲಿದೆ. ಆದರೂ ಮನೆಯವರಿಗೆ ಈಗಲೇ ನಿದ್ದೆ ಇಲ್ಲ ಅಂದರೆ ಇದು ಬೇಡ.

ಕೋಸ್ಟ್ ಗಾರ್ಡಿನಲ್ಲಿ ಅಗ್ನಿವೀರ್ ಪದ್ಧತಿ ಇಲ್ಲ. ಪಣಂಬೂರಿನಲ್ಲೇ ಅವರ ನೆಲೆ ಇದೆ. ಆದರೆ ಹತ್ತಿರವೇ ಹಾಕುತ್ತಾರೆ ಎಂದು ಕನಸು ಕಾಣಬೇಡಿ. ಮಿಸೈಲಿನ ಭಯ ಕಮ್ಮಿ. ಕಡಲಿನ ಭಯ ಜಾಸ್ತಿ. ನಿಮ್ಮಂಥವರು ಬೋಟು ದಡಕ್ಕೆ ಕಟ್ಟುವ ಹವೆಯಲ್ಲಿ ಅವರು ಹೊರಗೆ ಹೊರಡಬೇಕು. 2025ರ ಜೂನ್‌ನಲ್ಲಿ ಕೇರಳದ ಕಡಲಿನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತಲ್ಲ, ಅದರ ಜನರನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿಗೆ ತಂದು ಇಳಿಸಿತು. ಅತ್ತ ಉರಿಯುವ ಹಡಗಿನ ಪಕ್ಕ ಮಳೆಗಾಲದ ಅಲೆಯಲ್ಲಿ ದಿನಗಟ್ಟಲೆ ನಿಂತು ನೀರು ಹೊಡೆದವರಲ್ಲಿ ಕೋಸ್ಟ್ ಗಾರ್ಡಿನವರು ಮುಂದಿದ್ದರು.

ಶಿಪ್‌ಯಾರ್ಡ್ ಅಂದರೆ ಸುರಕ್ಷಿತ ಎಂದು ನೀವು ಅಂದುಕೊಂಡ ಹಾಗಿದೆ. ಇದನ್ನು ನಾನು ಒಪ್ಪುವುದಿಲ್ಲ. ಹಡಗಿಗೆ ಬಹಳ ಕೆಟ್ಟ ಸಮಯ ರಿಪೇರಿಯ ಸಮಯ. ವೆಲ್ಡಿಂಗ್ ಕಿಡಿ, ಪೇಂಟಿನ ಆವಿ, ಬಾಗಿಲುಗಳ ಮಧ್ಯೆ ಹಾದುಹೋದ ವೈರು, ಹೋಸು. ಬಾಗಿಲು ಮುಚ್ಚಲು ಆಗುವುದಿಲ್ಲ. 2020ರಲ್ಲಿ ಅಮೆರಿಕದ ಬೊನಾಮ್ ರಿಚರ್ಡ್ ಎಂಬ 40,000 ಟನ್ನಿನ ಹಡಗು ರಿಪೇರಿಯಲ್ಲಿ ಇದ್ದಾಗ, ಬಂದರಿನಲ್ಲೇ, ನಾಲ್ಕು ದಿನಕ್ಕೂ ಹೆಚ್ಚು ಉರಿದು ಗುಜರಿಗೆ ಹೋಯಿತು. 2024ರ ಜುಲೈಯಲ್ಲಿ ಮುಂಬಯಿಯಲ್ಲಿ ರಿಪೇರಿಯಲ್ಲಿದ್ದ ನಮ್ಮ ಐಎನ್‌ಎಸ್ ಬ್ರಹ್ಮಪುತ್ರಕ್ಕೆ ಬೆಂಕಿ ಬಿತ್ತು. ಬೆಂಕಿ ಆರಿದ ಮೇಲೆ ಹಡಗು ಒಂದು ಬದಿಗೆ ವಾಲಿ ಮಲಗಿತು. ಒಬ್ಬ ನಾವಿಕ ಸತ್ತ.

ಬೆಂಕಿ ಬಿದ್ದ ಹಡಗು ಯಾಕೆ ವಾಲುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಆರಿಸಲು ಹಾಕಿದ ನೀರು ಎಲ್ಲಿಗೆ ಹೋಗಬೇಕು? ಒಳಗೇ ನಿಲ್ಲುತ್ತದೆ. ಕೊಡಪಾನದಲ್ಲಿ ನೀರು ಹೊತ್ತು ನಡೆಯುವುದು ಸುಲಭ. ಅದೇ ನೀರನ್ನು ಅಗಲದ ಹರಿವಾಣದಲ್ಲಿ ಹೊತ್ತು ನಾಲ್ಕು ಹೆಜ್ಜೆ ಹಾಕಿ ನೋಡಿ. ಒಂದು ಕಡೆ ಓರೆಯಾದರೆ ನೀರೆಲ್ಲ ಅಲ್ಲಿಗೇ ಓಡುತ್ತದೆ, ಇನ್ನೂ ಓರೆ ಮಾಡುತ್ತದೆ. 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲಿ ನಾರ್ಮಂಡಿ ಎಂಬ ಭಾರೀ ಹಡಗು ಮಗುಚಿದ್ದು ಬೆಂಕಿಯಿಂದಲ್ಲ, ಆರಿಸಲು ಹಾಕಿದ ನೀರಿನಿಂದ.

ಯಾರ್ಡಿನ ಕೆಲಸಗಾರನಿಗೆ ಇನ್ನೊಂದು ಅಪಾಯ ಮುಚ್ಚಿದ ಟ್ಯಾಂಕು. ಒಳಗೆ ಉಸಿರಾಡುವ ಗಾಳಿ ಇಲ್ಲದಿರಬಹುದು. ಒಬ್ಬ ಬಿದ್ದ ಎಂದು ಇನ್ನೊಬ್ಬ ಇಳಿಯುತ್ತಾನೆ. ನಿಮ್ಮ ಬೋಟಿನ ಮೀನಿನ ಹೋಲ್ಡಿನಲ್ಲೂ ಹಾಗೇ ಅಲ್ವಾ? ಯಾರ್ಡಿಗೆ ಹೋಗುವುದು ಬೇಡ ಎನ್ನುವುದಿಲ್ಲ. ನಿಮ್ಮ ಮಲ್ಪೆಯಲ್ಲೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್ಗುಗಳನ್ನು ಕಟ್ಟುತ್ತಿದೆ. ಮೆಕ್ಯಾನಿಕಲ್ ಓದಿದವನಿಗೆ ಕೈಕೆಲಸ ಕಲಿಯಲು ಒಳ್ಳೆಯ ಜಾಗ. ರಾತ್ರಿ ಊಟಕ್ಕೆ ಮನೆಗೂ ಬರುತ್ತಾನೆ. ಯಾರ್ಡು ಎಂದ ಕೂಡಲೇ ಅಪಾಯ ಮುಗಿಯಿತು ಅಂದುಕೊಳ್ಳಬೇಡಿ, ಅಷ್ಟೆ.

ನನ್ನ ಮಗ ಆಗಿದ್ದರೆ? ಕೋಸ್ಟ್ ಗಾರ್ಡ್, ನೇವಿ ಎರಡಕ್ಕೂ ಅರ್ಜಿ ಹಾಕಿಸುತ್ತಿದ್ದೆ. ಎರಡೂ ಬಂದರೆ ಕೋಸ್ಟ್ ಗಾರ್ಡ್ ಅನ್ನುತ್ತಿದ್ದೆ. ಕಾರಣ ಕೆಲಸ ಖಾಯಂ ಎಂಬುದು. ಅವನು ನೇವಿಯೇ ಬೇಕು ಅಂದರೆ ಜಾಸ್ತಿ ಜಗಳ ಮಾಡುತ್ತಿರಲಿಲ್ಲ.

ಅದಕ್ಕೂ ಮೊದಲು ಒಂದು ಭಾನುವಾರ ಎಲ್ಲರೂ ಕಾರವಾರಕ್ಕೆ ಹೋಗಿಬನ್ನಿ. ಮಾವನನ್ನೂ ಕರೆದುಕೊಂಡು ಹೋಗಿ. ಚಾಪಲ್ ಒಳಗೆ ಇಳಿದು ನೋಡಲಿ, ಎಷ್ಟು ಇಕ್ಕಟ್ಟು, ಎಷ್ಟು ಸೆಕೆ ಎಂದು. ಬಾಗಿಲಿನ ಹೊಸ್ತಿಲು ಯಾಕೆ ಅಷ್ಟು ಎತ್ತರ, ಕ್ಲಿಪ್ಪು ಎಷ್ಟು ಎಂದು ಹುಡುಗ ತಾನಾಗಿ ಕೇಳಿದರೆ ಅವನು ಈ ಕೆಲಸಕ್ಕೆ ಆಗುತ್ತಾನೆ. ಸೆಲ್ಫಿ ತೆಗೆದುಕೊಂಡು ಹೊರಗೆ ಬಂದರೆ ಇನ್ನೊಮ್ಮೆ ಯೋಚಿಸಿ, ಮಾರಾಯ್ರೆ.

ಮತ್ತೆ, ನೀವು ಇಷ್ಟೆಲ್ಲ ಬರೆದಿರಿ, ಅವನಿಗೆ ಈಜು ಬರುತ್ತದಾ ಎಂದು ಬರೆಯಲಿಲ್ಲ. ಬೋಟಿನ ಮನೆಯ ಎಷ್ಟೋ ಹುಡುಗರಿಗೆ ಬರುವುದಿಲ್ಲ, ನನಗೆ ಗೊತ್ತು. ಬಾರದಿದ್ದರೆ ಕಡಲಿಗೆ ಇಳಿಸಬೇಡಿ, ಈಜುಕೊಳಕ್ಕೆ ಸೇರಿಸಿ. ಅರ್ಜಿ ತುಂಬುವುದು ಆಮೇಲೆ.